ಪಾಟೀಲರ ಬದನೆ, ಡೇಲನ ಬೇಟೆ

ಅಲೆನ್

ಅಮೆರಿಕಕ್ಕೆ ಹೋದವರು ನಯಾಗರ ನೋಡಿ ಬರುತ್ತಾರೆ. ನಾನು ಹಂದಿ ಓಡಿಸಿ ಬಂದೆ. ಮೈಸೂರಿಗೆ ಮರಳಿದ ಮೇಲೆ ‘ಏನೇನು ನೋಡಿದ್ರಿ ಮೇಡಂ?’ ಎಂದು ಕೇಳಿದವರಿಗೆಲ್ಲ ಇದನ್ನು ಅರ್ಧಂಬರ್ಧ ಹೇಳಿ ನಗಿಸಿದ್ದೇನೆ. ಪೂರ್ತಿ ಯಾರಿಗೂ ಹೇಳಿಲ್ಲ.

ಎರಡು ಸಾವಿರದ ಮೂರನೆಯ ಇಸವಿ, ಅಕ್ಟೋಬರ್ ಕೊನೆ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು, ಡಲ್ಲಾಸ್‌ನ ಉತ್ತರಕ್ಕಿರುವ ಅಲೆನ್‌ನಲ್ಲಿ ತಂಗಿಯ ಮಗಳು ವಿದ್ಯಾಳ ಮನೆಯಲ್ಲಿ ಇಳಿದುಕೊಂಡಿದ್ದೆ. ಅಲೆನ್‌ನಲ್ಲಿ ನೋಡುವುದಕ್ಕೆ ಮನೆಗಳಿವೆ. ಎಲ್ಲವೂ ಒಂದೇ ಅಚ್ಚಿನವು. ವಾಕಿಂಗ್ ಮುಗಿಸಿ ಬರುವಾಗ ಎರಡು ಸಲ ಯಾರದೋ ಮನೆಯ ಬೆಲ್ ಒತ್ತಿ ‘ಸಾರಿ’ ಹೇಳಿ ಬಂದಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಬೀದಿಯವರೆಲ್ಲ ಕಾರು ಹತ್ತಿ ಪಕ್ಕದೂರು ಪ್ಲೇನೋದ ಆಫೀಸುಗಳಿಗೆ ಹೊರಟುಬಿಟ್ಟರೆ ಅಲ್ಲಿ ಉಳಿಯುವುದು ನಾನು ಮತ್ತು ಹುಲ್ಲುಹಾಸಿನ ಮೇಲಿನ ಮೊಲಗಳು. ಮೊಲಗಳೇ ವಾಸಿ, ಅವಕ್ಕೆ ಮನೆ ಗುರುತಿತ್ತು.

ಹೀಗೆ ಬೇಸರ ಬಂದಿದ್ದಾಗ ಆಸ್ಟಿನ್‌ನಿಂದ ಶೈಲಾ ಪಾಟೀಲ ಫೋನ್ ಮಾಡಿದಳು. ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವಳು. ಈಗ ಗಂಡನ ಜೊತೆ ಇಪ್ಪತ್ತು ವರ್ಷದಿಂದ ಅಲ್ಲಿ ಪ್ರಿಂಟಿಂಗ್ ಅಂಗಡಿ ನಡೆಸುತ್ತಾಳೆ, ಊರಾಚೆ ಒಂದಿಷ್ಟು ಹೊಲವೂ ಇದೆ. ‘ಬಾರs ಸುಲೋಚನಾ, ಆ ಗೂಡಿನಾಗ ಏನ್ ಮಾಡ್ತಿ? ರಾಜ್ಯೋತ್ಸವಕ್ಕ ಎಲ್ಲಾರೂ ಹ್ಯೂಸ್ಟನ್ನಿಗೆ ಹೋಗೂಣು’ ಎಂದಳು. ಹೋಗುವುದು ಹೇಗೆ? ವಿದ್ಯಾಳ ಗಂಡ ಸುರೇಶನಿಗೆ ರಜೆ ಇಲ್ಲ.

ಮರುದಿನ ನಾನು ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಾಗ ವಿದ್ಯಾ ಬಂದು ಏನೋ ಹೇಳಿದಳು. ಮಿಕ್ಸಿಯ ಗದ್ದಲದಲ್ಲಿ ನನಗೆ ಕೇಳಿಸಿದ್ದು ಇಷ್ಟು: ‘ಸುರೇಶ್ ಆಫೀಸಿನ ಡೇಲ್… ಶುಕ್ರವಾರ ವರ್ಮ… ಹಂಟಿಂಗ್‌ಗೆ ಹೋಗ್ತಿದಾನೆ… ಶೈಲಾ ಆಂಟಿ ಹೊಲದ ಪಕ್ಕದ್ದೇ ಅವನ ಅಂಕಲ್ ರ‍್ಯಾಂಚು, ನಿಮ್ಮನ್ನ ಡ್ರಾಪ್ ಮಾಡ್ತಾನಂತೆ.’ ಆ ಮನೆಯಲ್ಲಿ ಒಂದು ತಿಂಗಳಿಂದ ‘ಹಂಟಿಂಗ್’ ಎಂಬ ಮಾತಿಗೆ ಒಂದೇ ಅರ್ಥ. ಇವರ ಸ್ನೇಹಿತರೆಲ್ಲ ಶನಿವಾರ ಭಾನುವಾರ ಕಾಪೆಲ್‌ನಲ್ಲಿ ಸ್ಕೂಲು ಚೆನ್ನಾಗಿದೆ ಎಂದು ಹೌಸ್ ಹಂಟಿಂಗ್ ಮಾಡುವವರೇ. ಸರಿ, ವರ್ಮ ಎನ್ನುವ ಹಿಂದಿಯವರು ಯಾರೋ ಆಸ್ಟಿನ್ ಕಡೆ ಮನೆ ಹುಡುಕುತ್ತಿದ್ದಾರೆ, ಈ ಡೇಲ್ ಜೊತೆಗೆ ಹೋಗುತ್ತಿದ್ದಾನೆ ಎಂದುಕೊಂಡೆ. ಮಿಸೆಸ್ ವರ್ಮ ಸಿಕ್ಕಿದರೆ ಬರಿಗೈಯಲ್ಲಿ ಮಾತಾಡಿಸುವುದೇ? ಒಂದು ರೇಷ್ಮೆ ರವಿಕೆ ಕಣ, ಕುಂಕುಮದ ಪೊಟ್ಟಣ ಚೀಲಕ್ಕೆ ಹಾಕಿಕೊಂಡೆ.

ಹೆದ್ದಾರಿ

ಶುಕ್ರವಾರ ಮನೆ ಮುಂದೆ ಬಂದು ನಿಂತದ್ದು ಪಿಕಪ್. ಹತ್ತುವುದಕ್ಕೆ ಏಣಿ ಬೇಕು, ಅಷ್ಟೆತ್ತರ. ಡೇಲ್‌ಗೆ ನಲವತ್ತೈದು ಇರಬಹುದು. ಕೆಂಪು ಮುಖ, ಒಣಗಿದ ಎಲೆಗಳ ಚಿತ್ರವಿರುವ ಅಂಗಿ. ಒಳ್ಳೆಯ ಮನುಷ್ಯ. ನಾನು ಹತ್ತುವಾಗ ಸೆರಗು ಬಾಗಿಲಿಗೆ ಸಿಕ್ಕದಂತೆ ಹಿಡಿದು ಒಳಗೆ ಹಾಕಿದ. ಅವನ ಇಂಗ್ಲಿಷನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ. ತಿಳಿಯದ ಕಡೆಯೆಲ್ಲ ಅವನು ‘ಯೆಸ್ ಮ್ಯಾಮ್’ ಎಂದ ಎಂದುಕೊಳ್ಳಿ.

ಸ್ವಲ್ಪ ದೂರ ಹೋದ ಮೇಲೆ ಕೇಳಿದೆ: ‘ವರ್ಮ ಎಲ್ಲಿ?’

‘ಎಲ್ಲ ಕಡೆ ಇದ್ದಾರೆ ಮ್ಯಾಮ್! ಸಿಕ್ಕ ಸಿಕ್ಕಲ್ಲಿ ಹೊಡೆಯುತ್ತೇವೆ.’

‘ಅಲ್ಲಪ್ಪ, ಪೊಲೀಸರು?’

‘ಪೊಲೀಸರು ಯಾಕೆ? ಇದಕ್ಕೆ ಇಂಥ ಸೀಸನ್ ಅಂತ ಇಲ್ಲ, ಇಷ್ಟೇ ಅಂತ ಮಿತಿಯೂ ಇಲ್ಲ. ಜಮೀನಿನವರು ಕೈಮುಗಿದು ಕರೆಯುತ್ತಾರೆ.’

ಮೆಲ್ಲನೆ ಹಿಂದೆ ತಿರುಗಿದೆ. ಹಿಂದಿನ ಸೀಟಿನಲ್ಲಿ ಕ್ಯಾನ್ವಾಸ್ ಚೀಲದಲ್ಲಿ ಮೂರು ಕೋವಿಗಳು ಮಲಗಿದ್ದವು. ಪಾಪ, ಆ ವರ್ಮ ಇವನಿಗೇನು ಮಾಡಿದ್ದ? ಅರ್ಧ ಗಂಟೆ ಬಿಟ್ಟು ಧೈರ್ಯ ಮಾಡಿ ಸ್ಪೆಲ್ಲಿಂಗ್ ಕೇಳಿದೆ. ಮೇಷ್ಟರ ಅಭ್ಯಾಸ ಒಮ್ಮೊಮ್ಮೆ ಪ್ರಾಣ ಉಳಿಸುತ್ತದೆ. ಅದು ವಾರ್ಮಿಂಟ್. ನಮ್ಮಲ್ಲಿ ‘ಪೀಡೆ’ ಅನ್ನುತ್ತೇವಲ್ಲ, ಅದೇ. ಜಿಂಕೆಗೆ ಅವರಲ್ಲಿ ಸೀಸನ್ ಉಂಟು, ಮರ್ಯಾದೆ ಉಂಟು, ಕೊಂಬನ್ನು ಗೋಡೆಗೆ ಹಾಕುತ್ತಾರೆ. ಕಾಡುಹಂದಿ, ತೋಳನಂಥ ಕಯೋಟಿ, ಬಿಲ ತೋಡುವ ಪ್ರೇರಿ ನಾಯಿ, ಇವೆಲ್ಲ ಪೀಡೆಗಳು. ಇವನ್ನು ಹೊಡೆಯಲಿಕ್ಕೆಂದೇ ರಜೆ ಹಾಕಿ, ಊರೂರು ಸುತ್ತುವ ಜನ ಇದ್ದಾರೆ. ಡೇಲ್ ಅಂಥವನು.

ಸುತ್ತುವುದು ಸುಮ್ಮನೆ ಅಲ್ಲ. ಪೀಡೆಗಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಎಲ್ಲಿ ಏರಿದೆ ಎಂದು ಗುಂಪಿನವರು ಫೋನಿನಲ್ಲಿ ವಿಚಾರಿಸುತ್ತಲೇ ಇರುತ್ತಾರೆ, ನಮ್ಮಲ್ಲಿ ಕೆರೆ ತುಂಬಿತಾ ಎಂದು ಕೇಳಿದ ಹಾಗೆ. ಹಿಂದಿನ ವರ್ಷ ಪಶ್ಚಿಮದಲ್ಲಿ ಪ್ರೇರಿ ನಾಯಿ ವಿಪರೀತ ಎಂದು ಸುದ್ದಿ ಬಂದು, ಡೇಲ್ ಇಡೀ ದಿನ ಗಾಡಿ ಓಡಿಸಿಕೊಂಡು ಹೋದ. ಅಷ್ಟರಲ್ಲಿ ರೋಗ ಬಂದು ಎಲ್ಲ ಸತ್ತು, ಬರೀ ಬಿಲಗಳಿದ್ದವು. ವಸಂತದಲ್ಲಿ ಮೊಲ ಏರಿದೆ, ಹಿಂದೆಯೇ ಕಯೋಟಿಯೂ ಏರುತ್ತದೆ ಎಂದು ಇನ್ನೊಂದು ಕಡೆ ಹೋದ. ಮೊಲವೇ ಇಳಿದುಹೋಗಿತ್ತು. ಹುಲ್ಲು, ಮೊಲ, ನರಿ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿದವಳು ನಾನು. ಆ ಬಾಣಗಳ ಹಿಂದೆ ಒಬ್ಬ ಗೃಹಸ್ಥ ಪೆಟ್ರೋಲ್ ಹಾಕಿಸಿಕೊಂಡು ಓಡಾಡುತ್ತಿರುತ್ತಾನೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

‘ಈ ವರ್ಷ ಒಂದು ಗುಂಡೂ ಹಾರಿಸಿಲ್ಲ ಮ್ಯಾಮ್. ನನ್ನ ಹೆಂಡತಿ ಇದನ್ನು ನನ್ನ ತೀರ್ಥಯಾತ್ರೆ ಅನ್ನುತ್ತಾಳೆ’ ಎಂದ. ಅಯ್ಯೋ ಪಾಪ ಅನ್ನಿಸಿತು. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ ರವಿಕೆ ಕಣ ತೆಗೆದು, ನಿಮ್ಮ ಹೆಂಡತಿಗೆ ಎಂದು ಕೊಟ್ಟೆ. ‘ಹೆಂಡತಿಗೆ’ ಎನ್ನುವುದು ಅವನಿಗೆ ಕೇಳಿಸಿತೋ ಇಲ್ಲವೋ. ಮುಟ್ಟಿ ನೋಡಿ, ಇಷ್ಟು ಮೆತ್ತನೆಯ ಬಟ್ಟೆಯನ್ನು ಜನ್ಮದಲ್ಲಿ ನೋಡಿಲ್ಲ ಎಂದು ಥ್ಯಾಂಕ್ಸ್ ಹೇಳಿ, ಕೋವಿಯ ದುರ್ಬೀನನ್ನು ಅದರಿಂದಲೇ ಒರೆಸತೊಡಗಿದ. ಮೈಸೂರು ರೇಷ್ಮೆ! ನಾನು ಕಿಟಕಿಯಾಚೆ ನೋಡಿಕೊಂಡೆ.

ಆಸ್ಟಿನ್‌ನ ಆಚೆ

ಶೈಲಾಳ ಗಂಡ ಪಾಟೀಲರ ಹೊಲ ಊರಿನಿಂದ ಮುಕ್ಕಾಲು ಗಂಟೆ ದೂರ. ಒಂದು ತಗಡಿನ ಮನೆ, ನೀರಿನ ತೊಟ್ಟಿ, ಅದರಾಚೆ ಬದನೆ. ಎಂಥ ಬದನೆ ಅಂತೀರಿ! ನೇರಳೆ ಬಣ್ಣದ್ದು, ಮುಷ್ಟಿಯೊಳಗೆ ಹಿಡಿಯುವಷ್ಟೇ ಗಾತ್ರ, ತೊಟ್ಟಿನ ತುಂಬ ಮುಳ್ಳು. ಅಂಗಡಿಯಲ್ಲಿ ಸಿಗುವ ಅಮೆರಿಕದ ಬದನೆ ತಲೆದಿಂಬಿನಂತಿರುತ್ತದೆ, ಅದರಲ್ಲಿ ಎಣ್ಣೆಗಾಯಿ ಮಾಡುವ ಹಾಗಿಲ್ಲ. ಆದ್ದರಿಂದ ಹ್ಯೂಸ್ಟನ್‌ನ ರಾಜ್ಯೋತ್ಸವದ ಊಟಕ್ಕೆ ಪ್ರತಿವರ್ಷ ಪಾಟೀಲರ ಹೊಲದ ಬದನೆಯೇ ಹೋಗಬೇಕು.

ಹಿಂದಿನ ವರ್ಷ ಹೋಗಿರಲಿಲ್ಲ. ಊಟಕ್ಕೆ ಎರಡು ದಿನ ಮುಂಚೆ ಕಾಡುಹಂದಿಗಳು ಪಕ್ಕದ ಹಳ್ಳದಿಂದ ಬಂದು, ನೀರುಂಡ ಮೆತ್ತನೆ ಮಣ್ಣಿನಲ್ಲಿ ಹುಳ ಹುಡುಕುತ್ತ ಇಡೀ ಸಾಲುಗಳನ್ನು ಮೂತಿಯಿಂದ ಉತ್ತುಹಾಕಿದ್ದವು. ಹಳ್ಳದ ಆಚೆ ಡೇಲನ ಮಾವನ ಜಮೀನು. ಆತ ‘ಹೂಂ ಅನ್ನಿ, ಒಂದೇ ದಿನದಲ್ಲಿ ಹೊಡೆದುಹಾಕುತ್ತೇವೆ’ ಎಂದು ಮೂರು ವರ್ಷದಿಂದ ಹೇಳುತ್ತಿದ್ದಾನೆ. ಪಾಟೀಲರು ಹೂಂ ಅನ್ನುವುದಿಲ್ಲ.

‘ಯಾಕಂದ್ರ ಅಕ್ಕಾರ’ ಎಂದು ಸಂಜೆ ಚಹಾ ಕುಡಿಯುತ್ತ ಅವರೇ ಹೇಳಿದರು. ‘ನಾ ಇಪ್ಪತ್ತೆರಡು ವರ್ಷದಾಂವ ಇದ್ದಾಗ ಗದಗ ಕಡೆ ನಮ್ಮ ಹೊಲದಾಗ ಹಂದಿಗಂತ ವಿಷದ ಉಂಡಿ ಇಟ್ಟಿದ್ದೆರಿ. ಹಂದಿ ತಿನ್ನಲಿಲ್ಲ. ನಮ್ಮ ಎತ್ತು ತಿಂತು. ಅದು ಒದ್ದಾಡೂದು ಮುಂಜಾನಿತನಾ ನೋಡಿದೆ. ಅವತ್ತ ನಿಶ್ಚೆ ಮಾಡೀನಿ, ನನ್ನ ಹೊಲದ ಸಲುವಾಗಿ ಇನ್ನೊಂದು ಜೀವ ಹೋಗಬಾರದು. ಮನ್ಯಾಗ ಇಲಿ ಬೋನ್ ಸೈತ ಇಡೂದಿಲ್ರಿ.’

‘ಕರೆಂಟ್ ಬೇಲಿ ಹಾಕೂಣಂದ್ರ, ಮರಿಗೆ ಶಾಕ್ ಹೊಡದು ಸತ್ರ ಅಂತಾರ’ ಎಂದಳು ಶೈಲಾ. ‘ಅದಕ್ಕ ರೇಡಿಯೋ ಹಚ್ಚಿಟ್ರು. ಹಂದಿ ಕುಂತು ಕೇಳಿ ಹೋದ್ವು. ಕಟಿಂಗ್ ಅಂಗಡಿಯಿಂದ ಕೂದಲಾ ತಂದು ಚೆಲ್ಲಿದ್ರು. ಖಾರಪುಡಿ ಉಗ್ಗಿದ್ರು. ನಾವs ಸೀನಿದ್ದು.’

ಆ ದಿನ ಬೆಳಿಗ್ಗೆ ಮತ್ತೆ ಹೆಜ್ಜೆ ಬಿದ್ದಿದ್ದವು. ಅಂಚಿನ ಒಂದು ಸಾಲು ಹೋಗಿತ್ತು. ಭಾನುವಾರ ಊಟ. ಶನಿವಾರ ಬೆಳಿಗ್ಗೆ ಇನ್ನೊಮ್ಮೆ ಹಂದಿ ಇಳಿದರೆ ಮುಗಿಯಿತು. ಅದೇ ಬೆಳಿಗ್ಗೆ ಡೇಲ್ ಹಳ್ಳದ ಆಚೆ ಮರದ ಅಟ್ಟಣೆಯ ಮೇಲೆ ಕೋವಿ ಹಿಡಿದು ಕೂರುವವನಿದ್ದ. ಅವನ ಕಡೆ ಹೋದ ಹಂದಿ ಉಳಿಯುವುದಿಲ್ಲ. ಪಾಟೀಲರಿಗೆ ಬದನೆಯೂ ಉಳಿಯಬೇಕು, ಹಂದಿಯೂ ಉಳಿಯಬೇಕು.

ನಾನು ಸುಮ್ಮನಿರಬೇಕಿತ್ತು. ಆದರೆ ನಾನು ಪಾವಗಡದ ಕಡೆಯವಳು. ಎಂಟು ವರ್ಷದವಳಾಗಿದ್ದಾಗಿನಿಂದಲೂ ಅಜ್ಜಿಯ ಜೊತೆ ಕಡಲೆಕಾಯಿ ಹೊಲ ಕಾದವಳು. ಡಬ್ಬ ಬಡಿದು, ‘ಹೋಯ್ ಹೋ ಹೋ’ ಎಂದು ಕೂಗಿದರೆ ಹಂದಿ ದಿಕ್ಕಾಪಾಲಾಗುತ್ತಿದ್ದವು. ಕಾಗದ ತೆಗೆದುಕೊಂಡು ನಕ್ಷೆ ಬರೆದೆ. ಹೊಲದ ಬಡಗಲು ಬೇಲಿಯಲ್ಲಿ ಒಂದು ಸಂದಿ ಇದೆ, ಹಂದಿ ಹಳ್ಳದಿಂದ ಬರುವುದೂ ಹೋಗುವುದೂ ಅದರಲ್ಲೇ. ಅವು ಒಳಗೆ ಬಂದ ಮೇಲೆ ಒಬ್ಬರು ಆ ಸಂದಿಯಲ್ಲಿ ನಿಂತು ಬಡಿಯಬೇಕು. ಇಬ್ಬರು ಎರಡು ಪಕ್ಕದಿಂದ ಬಡಿಯಬೇಕು. ಹಂದಿಗಳಿಗೆ ಉಳಿಯುವ ದಾರಿ ಬೇಲಿಯಿಲ್ಲದ ತೆಂಕಲಿಗೆ, ದಟ್ಟ ಪೊದೆಗೆ. ಅಲ್ಲಿ ಕೋವಿಯವರು ಯಾರೂ ಇಲ್ಲ.

‘ಸಂದಿನಾಗ ಯಾರು ನಿಂದ್ರೂದ್ರಿ?’ ಎಂದರು ಪಾಟೀಲರು. ‘ಅದs ಮುಖ್ಯ. ಅಲ್ಲಿ ಬಿಟ್ರ ಸೀದಾ ಡೇಲ್‌ನ ಮುಂದ ಹೊಕ್ಕಾವು.’

‘ನಾನು’ ಎಂದೆ. ಶೈಲಾಳಿಗೆ ಮಂಡಿನೋವು, ಪಾಟೀಲರಿಗೆ ಹಂದಿ ಕಂಡರೆ ಕನಿಕರ. ಅನುಭವ ಇದ್ದದ್ದು ನನಗೊಬ್ಬಳಿಗೇ.

ಶನಿವಾರ ಬೆಳಿಗ್ಗೆ

ಬೆಳಕು ಹರಿಯುವ ಹೊತ್ತು. ಶೈಲಾ ದೇವರ ಮನೆಯ ಜಾಗಟೆ ಹಿಡಿದು ಮೂಡಲಿಗೆ ನಿಂತಳು, ಪಾಟೀಲರು ಸ್ಟೀಲ್ ಪರಾತ ಮತ್ತು ಸೌಟು ಹಿಡಿದು ಪಡುವಲಿಗೆ. ನಾನು ಎಣ್ಣೆಯ ಖಾಲಿ ಡಬ್ಬ ಕಂಕುಳಲ್ಲಿಟ್ಟುಕೊಂಡು ನೀರಿನ ತೊಟ್ಟಿಯ ಮರೆಯಲ್ಲಿ ಕೂತೆ. ಬೇಲಿಯ ಸಂದಿ ತೊಟ್ಟಿಯ ಪಕ್ಕದಲ್ಲೇ. ಹಂದಿಗಳು ಒಂದರ ಹಿಂದೊಂದು ನನ್ನ ಮುಂದೆಯೇ ಒಳಗೆ ಹೋದವು. ಮಬ್ಬಿನಲ್ಲಿ ಎಷ್ಟೆಂದು ತಿಳಿಯಲಿಲ್ಲ, ಗುರುಗುರು ಸದ್ದು ಮಾತ್ರ ಕೇಳುತ್ತಿತ್ತು. ಎದ್ದು ಸಂದಿಯಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಜ್ಜಿಯನ್ನು ನೆನೆದು ಡಬ್ಬ ಬಡಿದೆ.

ಆಹಾ, ಏನು ಗದ್ದಲ! ಶೈಲಾಳ ಜಾಗಟೆ ಮಹಾಮಂಗಳಾರತಿಯ ಲಯದಲ್ಲಿ ಮೊಳಗಿತು. ಆಕೆಗೆ ಬೇರೆ ಲಯ ಬರುವುದಿಲ್ಲ. ಪಾಟೀಲರು ‘ಹೋಗ್ರಿ! ಹೋಗ್ರಿ!’ ಎಂದು ಹಂದಿಗಳಿಗೂ ಬಹುವಚನ ಹಾಕಿ ಕೂಗುತ್ತಿದ್ದರು. ಹಂದಿಗಳು ತಲೆ ಎತ್ತಿದವು, ಒಂದು ಕ್ಷಣ ನಿಂತವು, ಆಮೇಲೆ ತಿರುಗಿ ಬಂದ ದಾರಿಗೇ ಓಡಿ ಬಂದವು. ಅಂದರೆ ನನ್ನ ಕಡೆಗೆ.

ಪಾವಗಡದ ಹಂದಿ ನಾಯಿಗಿಂತ ಸ್ವಲ್ಪ ದೊಡ್ಡದು. ಟೆಕ್ಸಾಸಿನಲ್ಲಿ ಎಲ್ಲವೂ ದೊಡ್ಡದು ಎಂದು ವಿದ್ಯಾ ಹೇಳಿದ್ದಳು, ನಾನು ಪಿಜ್ಜಾಕ್ಕೆ ಹೇಳಿದ್ದಾಳೆ ಅಂದುಕೊಂಡಿದ್ದೆ. ಮುಂದಿದ್ದದ್ದು ಎಮ್ಮೆಕರುವಿನಷ್ಟಿತ್ತು. ಡಬ್ಬ ಬಡಿಯುತ್ತ ಅಲ್ಲೇ ನಿಂತಿದ್ದರೆ ಅವು ಪಕ್ಕಕ್ಕೆ ಹೊರಳುತ್ತಿದ್ದವು. ಹೊರಳುತ್ತವೆ, ನನಗೆ ಗೊತ್ತು, ಅಜ್ಜಿ ನಿಂತದ್ದನ್ನು ನೋಡಿದ್ದೇನೆ. ಮುಂದಿದ್ದ ಹಂದಿಯೂ ನನ್ನನ್ನು ನೋಡಿ ಕಾಲು ಊರಿ ತಡೆದು ನಿಂತಿತು. ಅದು ನಿಂತಿತು, ನಾನು ನಿಲ್ಲಲಿಲ್ಲ. ಡಬ್ಬ ಎಸೆದು ತೊಟ್ಟಿಯ ಕಟ್ಟೆ ಹತ್ತಿದೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಸೀರೆಯಲ್ಲಿ, ಹೇಗೆ ಹತ್ತಿದೆನೋ ಆ ದೇವರಿಗೇ ಗೊತ್ತು. ಸಂದಿ ಖಾಲಿಯಾದದ್ದೇ ಇಡೀ ಹಿಂಡು ನನ್ನ ಕಾಲ ಕೆಳಗೆ ನುಗ್ಗಿ ಹಳ್ಳದ ಕಡೆ ಹೋಯಿತು.

ಶೈಲಾ ಇನ್ನೂ ಜಾಗಟೆ ಹೊಡೆಯುತ್ತಿದ್ದಳು. ಹಳ್ಳದ ಆಚೆಯಿಂದ ಮೊದಲ ಗುಂಡಿನ ಸದ್ದು ಬಂದಾಗ ನಿಲ್ಲಿಸಿದಳು. ಪಾಟೀಲರು ಪರಾತ ಕೆಳಗಿಟ್ಟು, ತಲೆ ತಗ್ಗಿಸಿ, ಒಂದೊಂದೇ ಸದ್ದು ಬಂದ ಹಾಗೆ ಬೆರಳು ಮಡಿಚುತ್ತಿದ್ದರು. ಅಷ್ಟರಲ್ಲಿ ನಾನು ಕೆಳಗಿಳಿದು, ಸೀರೆ ಸರಿಮಾಡಿಕೊಂಡು, ಸಂದಿಯಲ್ಲಿ ಬಂದು ನಿಂತಿದ್ದೆ.

‘ಏನಾತ್ರಿ ಅಕ್ಕಾರ?’ ಎಂದು ಓಡಿ ಬಂದರು. ‘ನಿಮಗೇನರೆ ಪೆಟ್ಟಾತೇನು?’

‘ನುಗ್ಗಿಬಿಟ್ಟವು ಪಾಟೀಲರೇ. ನಿಂತರೂ ಕೇಳಲಿಲ್ಲ’ ಎಂದೆ.

ಮಕ್ಕಳು ಹೋಂವರ್ಕ್ ಬಗ್ಗೆ ಹೇಳುತ್ತಿದ್ದ ಸುಳ್ಳುಗಳನ್ನು ಕಣ್ಣು ನೋಡಿಯೇ ಹಿಡಿಯುತ್ತಿದ್ದವಳು ನಾನು. ಪಾಟೀಲರು ನನ್ನ ಕಣ್ಣು ನೋಡಲಿಲ್ಲ. ಮೈಕೈ ಗಾಯವಾಗಿದೆಯೇ ಎಂದು ನೋಡುತ್ತಿದ್ದರು.

ಎಂಟು ಗಂಟೆಗೆ ಡೇಲ್ ಬಂದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ; ಕಣ್ಣಲ್ಲಿ ನೀರಾಡುತ್ತಿತ್ತು ಎಂದರೆ ಸುಳ್ಳಲ್ಲ. ಹುಟ್ಟಿದಾಗಿನಿಂದ ಬೇಟೆಯಾಡುತ್ತಿದ್ದೇನೆ, ನೆರೆಯವರು ಹೀಗೆ ಗಂಟೆ ಬಾರಿಸಿ ಪ್ರಾಣಿಗಳನ್ನು ನೇರ ಕೋವಿಯ ಮುಂದೆ ತಂದುಕೊಟ್ಟದ್ದು ಇದೇ ಮೊದಲು ಎಂದ. ಇದು ನಿಮ್ಮ ದೇಶದ ಪದ್ಧತಿಯೇ ಎಂದು ಕೇಳಿದ. ನಾವು ಇದನ್ನು ಅವನಿಗಾಗಿ ಮಾಡಿದೆವು ಎಂದೇ ಅವನ ನಂಬಿಕೆ. ಬೇಟೆಯಲ್ಲಿ ಅಟ್ಟಿದವರಿಗೂ ಪಾಲಿದೆ, ಮಾಂಸ ಎಲ್ಲಿಗೆ ತಂದುಕೊಡಲಿ ಎಂದ.

‘ಎಷ್ಟು?’ ಎಂದು ಪಾಟೀಲರು ಇಂಗ್ಲಿಷಿನಲ್ಲಿ ಕೇಳಿದರು.

‘ಏಳು!’ ಎಂದ ಡೇಲ್, ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನ ಹಾಗೆ.

ಪಾಟೀಲರು ಅವನ ಕೈ ಕುಲುಕಿದರು, ನಾವು ತಿನ್ನುವುದಿಲ್ಲ, ತಿನ್ನುವವರಿಗೆ ಕೊಡಿ ಎಂದರು. ಆಮೇಲೆ ಬುಟ್ಟಿ ತೆಗೆದುಕೊಂಡು ಬದನೆ ಕೀಳಲು ಹೋದರು. ಇಡೀ ದಿನ ಕಿತ್ತರು.

ಕ್ಲಿಯರ್ ಲೇಕ್

ಹ್ಯೂಸ್ಟನ್‌ನ ಈ ಭಾಗದಲ್ಲಿ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಕೇಂದ್ರವಿದೆ. ಅದನ್ನು ನಾನು ನೋಡಲಿಲ್ಲ. ಅದರ ಸಮೀಪದ ಒಂದು ಸಭಾಂಗಣದಲ್ಲಿ ಭುವನೇಶ್ವರಿಯ ಪಟ, ಕೆಂಪು ಹಳದಿ ಬಾವುಟ, ಕನ್ನಡ ಮಾತಾಡು ಎಂದರೆ ‘ಬಟ್ ಐ ಆ್ಯಮ್!’ ಎಂದು ಇಂಗ್ಲಿಷಿನಲ್ಲಿ ಜಗಳವಾಡುವ ಮಕ್ಕಳು, ಉದ್ದನೆಯ ಮೇಜಿನ ಮೇಲೆ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಊಟ. ಮಧ್ಯದಲ್ಲಿ ಶೈಲಾಳ ಎಣ್ಣೆಗಾಯಿ, ಅದರ ಮುಂದೆ ಸೌಟು ಹಿಡಿದು ಪಾಟೀಲರು. ಎಳ್ಳು, ಶೇಂಗಾ, ಗುರೆಳ್ಳಿನ ಘಮಕ್ಕೆ ಅನ್ನದ ಸಾಲು ಬಿಟ್ಟು ಎಲ್ಲರೂ ಇತ್ತಲೇ ಬಂದಿದ್ದರು.

ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಮೈಕಿನಲ್ಲಿ ಹೇಳಿದಳು: ‘ಎಲ್ರೂ ಪಾಟೀಲ್ ಅಂಕಲ್‌ಗೆ ಥ್ಯಾಂಕ್ಸ್ ಹೇಳ್ಬೇಕು! ಔಷಧಿ ಹೊಡೀದೆ, ಒಂದು ಇಲೀನೂ ಕೊಲ್ಲದೆ ಬೆಳೆದಿರೋ ಅಹಿಂಸಾ ಬದನೆಕಾಯಿ ಇದು! ಅಂಕಲ್, ಎರಡು ಮಾತಾಡಿ ಪ್ಲೀಸ್.’

ಪಾಟೀಲರು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು ಹೋದರು. ಮೈಕ್ ಹಿಡಿದರು.

‘ಈ ಬದನಿಕಾಯಿಗೆ ಏಳು ಹಂದಿ ಸತ್ತಾವ್ರಿ’ ಎಂದರು.

ಸಭೆಗೆ ಸಭೆಯೇ ಹೋ ಎಂದು ನಕ್ಕಿತು. ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಒಬ್ಬ ವಿದ್ಯಾರ್ಥಿ ‘ಹಂಗಾದ್ರೆ ಇನ್ನೊಂದು ಹಾಕಿ ಅಂಕಲ್!’ ಎಂದು ಕೂಗಿದ. ಪಾಟೀಲರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಬಂದು, ಅವನ ತಟ್ಟೆಗೆ ಇನ್ನೊಂದು ಹಾಕಿದರು.

ಬಡಿಸುವವರ ಪಂಕ್ತಿ ಕೊನೆಗೆ. ನಾವು ಮೂವರೂ ತಟ್ಟೆ ಹಿಡಿದು ಕೂತೆವು. ಪಾಟೀಲರು ಮೊಸರನ್ನ ಮಾತ್ರ ಹಾಕಿಸಿಕೊಂಡಿದ್ದರು.

‘ಮುಂದಿನ ವರ್ಷದಿಂದ ಬದನಿ ಹಚ್ಚೂದು ಬ್ಯಾಡ ಶೈಲಾ’ ಎಂದರು. ‘ಗದ್ದಲಾ ಮಾಡಿದ್ರೂ ಅವು ಕೋವಿ ಕಡೇನs ಓಡತಾವ ಅಂದ ಮ್ಯಾಲ, ನಾ ಓಡಿಸಿದ್ರೂ ಒಂದs, ಹೊಡದ್ರೂ ಒಂದs. ಹೊಲಾ ಬೀಳ ಬಿಡೂಣು.’

ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತು ವರ್ಷದಲ್ಲಿ ಆ ದೇಶದಲ್ಲಿ ಆಕೆಗೆ ತನ್ನದು ಎಂದು ಇದ್ದದ್ದು ಆ ನಾಲ್ಕು ಸಾಲು ಬದನೆ. ಊರಿನಿಂದ ಬೀಜ ತಂದು, ಮಡಿ ಮಾಡಿ ಬೆಳೆಸಿದ್ದು.

ಪಾಟೀಲರು ನನ್ನ ಕಡೆ ತಿರುಗಿ, ನನಗೆ ಬೇಜಾರಾಗಬಾರದೆಂದು ನಕ್ಕರು. ‘ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಅಕ್ಕಾರ. ನೀವು ಅಷ್ಟು ಗಟ್ಟಿ ನಿಂತ್ರೂ ಅವು ಮೈಮ್ಯಾಲೆ ಬಂದ್ರ, ನೀವರೆ ಏನ್ ಮಾಡ್ತೀರಿ?’

ನಾನು ನಿಂತಿರಲಿಲ್ಲ, ಹಂದಿ ನಿಂತಿತ್ತು ಎಂದು ಹೇಳಬೇಕಾದದ್ದು ಆಗಲೇ. ಒಂದೇ ವಾಕ್ಯ. ಅದನ್ನು ಹೇಳಿದ್ದರೆ ಬದನೆ ನೆಡುತ್ತಿದ್ದರು. ಶೈಲಾಳೂ ನನ್ನನ್ನೇ ನೋಡುತ್ತಿದ್ದಳು. ನಾನು ಬರೀ ತಲೆ ಅಲ್ಲಾಡಿಸಿದೆ. ನನ್ನ ಬಾಯಿ ತುಂಬ ಎಣ್ಣೆಗಾಯಿ ಇತ್ತು.